ಮೊದಲ ಬೂದಿ

ನಮ್ಮ ಧರ್ಮಕೇಂದ್ರಕ್ಕೆ ಪಾದ್ರಿ ವರ್ಷದಲ್ಲಿ ಒಂದೇ ದಿನ ಸಿಗುತ್ತಾರೆ. ಹಾಗಾಗಿ ಇಡೀ ವರ್ಷವನ್ನು ಆ ದಿನವೇ ಮುಗಿಸಬೇಕು. ಬೆಳಗ್ಗೆ ಆರಕ್ಕೆ ಕ್ರಿಸ್ಮಸ್, ಎಂಟಕ್ಕೆ ಮದುವೆಗಳು, ಒಂಬತ್ತಕ್ಕೆ ಹಣೆಗೆ ಬೂದಿ ಹಚ್ಚಿಸಿಕೊಂಡು ಉಪವಾಸದ ತಪಸ್ಸುಕಾಲ, ಮಧ್ಯಾಹ್ನ ಮೂರಕ್ಕೆ ಶುಭ ಶುಕ್ರವಾರ, ಸಂಜೆ ಐದಕ್ಕೆ ಈಸ್ಟರ್. ಐದೂವರೆಗೆ ಫಾದರ್ ಬಸ್ಸು ಹತ್ತುತ್ತಾರೆ. ತಪಸ್ಸುಕಾಲದಲ್ಲಿ ಮದುವೆ ಮಾಡುವಂತಿಲ್ಲ; ಮೊದಲ ಹಣೆಗೆ ಬೂದಿ ಬಿದ್ದ ಮೇಲೆ ಆ ವರ್ಷ ಮದುವೆ ಇಲ್ಲ.

ಈ ಸಲ ಏಳು ಮದುವೆ ಮುಗಿದವು. ಎಂಟನೆಯದು ಪಿಲೋಮಿನಳದು. ಹೋದ ವರ್ಷ ಪಟ್ಟಿಯಲ್ಲಿ ಜಾಗ ಸಿಗದೆ ಅವಳು ಈ ದಿನಕ್ಕಾಗಿ ಕಾದಿದ್ದಳು. ಮದುಮಗ ಆರೋಗ್ಯರಾಜ್ ಮಾತ್ರ ಇನ್ನೂ ಶಿವಾಜಿನಗರದ ಸಿಗ್ನಲ್‌ನಲ್ಲಿದ್ದ.

"ಇನ್ನೈದು ನಿಮಿಷ ಫಾದರ್," ಎಂದಳು ಅವಳ ತಾಯಿ ಲೂರ್ದಮ್ಮ.

"ಆಗ್ಲೇ ಹತ್ತು ನಿಮಿಷ ಕಾದೆ ಕಣಮ್ಮಾ. ಶುಭ ಶುಕ್ರವಾರ ಮೂರು ಗಂಟೆಗೇ ಆಗ್ಬೇಕು."

ಫಾದರ್ ಬೂದಿಯ ತಟ್ಟೆ ಎತ್ತಿಕೊಂಡರು. ಅಷ್ಟರಲ್ಲಿ ಆರೋಗ್ಯರಾಜ್ ಓಡಿ ಬಂದು, ಬೂದಿಗೆ ನಿಂತವರ ಸಾಲನ್ನು ದಾಟಿ ಅವರ ಮುಂದೆ ನಿಂತ. ಅವರು ಮುಖ ನೋಡದೆ ಹೆಬ್ಬೆರಳು ಎತ್ತಿದರು. ಅವನು ಚಿಕ್ಕಂದಿನ ಅಭ್ಯಾಸದಂತೆ ತಲೆ ಬಗ್ಗಿಸಿದ. ಹಣೆಯ ಮೇಲೆ ಆ ವರ್ಷದ ಮೊದಲ ಕಪ್ಪು ಶಿಲುಬೆ ಮೂಡಿತು. ತಪಸ್ಸುಕಾಲ ಶುರುವಾಯಿತೆಂದು ಚರ್ಚಿನ ಉಪದೇಶಿ ಪೂಜಾಪೀಠದ ಹೂವುಗಳನ್ನು ತೆಗೆಯತೊಡಗಿದ.

"ನಾನೇ ಮದುಮಗ ಅನ್ನೋಕೆ ಬಾಯಿರ್ಲಿಲ್ವಾ?" ಪಿಲೋಮಿನ ಕೇಳಿದಳು.

"ಫಾದರ್ ಕೈ ಎತ್ತಿದ್ರಲ್ಲ..."

ಅವಳು ತಲೆಯ ಮುಸುಕು ತೆಗೆದು ತಾಯಿಯ ಕೈಗೆ ಕೊಟ್ಟಳು.

"ಫಾದರ್, ಮುಂದಿನ ವರ್ಷದ ಪಟ್ಟೀಲಿ ನನ್ನ ಹೆಸರು ಬರ್ಕೊಳ್ಳಿ. ಹುಡುಗನ ಹೆಸರು ಆಮೇಲೆ ಹೇಳ್ತೀನಿ."