ಬಾಡುವ ಹೂವು, ಬಾರದ ಮೊಲ

ಮಳೆಗಾಲ ಮುಗಿದು ಒಣಮೀನಿನ ಕೆಲಸ ಶುರುವಾಗಿತ್ತು. ದಾರು ಖಾರ್ವಿ ಮರಳ ಮೇಲೆ ಬಂಗುಡೆ ಹರಡುತ್ತ, ಬೆಳಗಿನಿಂದ ತನ್ನ ಅಡಂಬು ಬಳ್ಳಿಯೆದುರು ಕುಕ್ಕರಗಾಲಲ್ಲಿ ಕೂತಿದ್ದ ಘಟ್ಟದ ದುಗ್ಗಪ್ಪನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಊರಿನ ಗಿಡ, ನಾಯಿ, ಕಾಗೆ ಎಲ್ಲವೂ ಕಾರ್ಖಾನೆಯಲ್ಲಿ ಮಾಡಿದವು. ಊರ ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆದದ್ದು ಈ ಬಳ್ಳಿಯೊಂದೇ. ಅದನ್ನು ಕೇಳಿಕೊಂಡು ಬಂದಿದ್ದ ಅವನು ಬದಲಿಗೆ ಕೊಡಲು ಬುಟ್ಟಿಯಲ್ಲಿ ಕಾಡುಮೊಲ ತಂದಿದ್ದ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಬಳ್ಳಿಯಲ್ಲಿ ಬೆಳಿಗ್ಗೆ ಅರಳಿದ್ದ ಹೂವು ಬಾಡಿ ಮುದುಡಿತು.

"ನಿಜದ್ದೇ ಅಕ್ಕಾ. ಕಾರ್ಖಾನೆ ಹೂವು ಬಾಡಲ್ಲ," ಎಂದ ದುಗ್ಗಪ್ಪ.

"ನನ್ ಹೂ ನೀವ್ ಕಂಡ್ರಿ. ನಿಮ್ ಮೊಲನ ನಾನ್ ಹ್ಯಾಂಗ್ ನಂಬುದ್? ಎದೆ ಹೊಡ್ಕಣುದ್ ನಮ್ಮನಿ ಕಾರ್ಖಾನೆ ಬೆಕ್ಕಿಗೂ ಇತ್ತ್."

"ಬಿಟ್ಟು ನೋಡಿ. ಕಾರ್ಖಾನೆಯದಾದ್ರೆ ಕರೆದ ಕೂಡ್ಲೆ ಬರತ್ತೆ."

"ನಿಜದ್ ಆದ್ರೆ?"

"ಬರಲ್ಲ."

"ಒಳ್ಳೆ ಪರೀಕ್ಷೆ ಮಾರಾಯ್ರೆ! ಪಾಸಾದ್ರೆ ನಂಗೆ ಖಾಲಿ ಬುಟ್ಟಿ."

ಆದರೂ ಅನುಮಾನ ಇಟ್ಟುಕೊಂಡು ಬಳ್ಳಿ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಮುಚ್ಚಳ ತೆಗೆದಳು. ಮೊಲ ಒಂದೇ ನೆಗೆತಕ್ಕೆ ಕೇದಗೆ ಪೊದೆಯೊಳಗೆ ಮಾಯವಾಯಿತು. ದಾರು ಗಂಟಲು ಒಣಗುವವರೆಗೆ ಕರೆದಳು. ಅದು ಬಾರದಿದ್ದಷ್ಟೂ ಅವಳ ಅನುಮಾನ ಕರಗುತ್ತ ಹೋಯಿತು.

ಹೊತ್ತು ಇಳಿಯುವಾಗ ಬಳ್ಳಿಯನ್ನು ಬೇರು ಕಡಿಯದಂತೆ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ದುಗ್ಗಪ್ಪನ ಕೈಗಿಟ್ಟಳು.

"ಹಿಡ್ಕಣಿ. ನಿಮ್ ಋಣ ತೀರ್ತ್."