ರುದ್ರವ್ವ ಆರಿಸಿದ ಸೊಸೆ

ಗೈಡ್ ಹೇಳಿಕೊಡುವ ಮೊದಲೇ ನೀತಾ ಸುರಕ್ಷತಾ ಪಟ್ಟಿಯೊಳಗೆ ಕಾಲು ತೂರಿಸಿ, ಸೊಂಟದ ಬಕಲ್ ಎಳೆದು ಬಿಗಿದುಕೊಂಡಳು. ಹೆಲ್ಮೆಟ್ಟನ್ನೂ ಗದ್ದದ ಕೆಳಗೆ ತಾನೇ ಸಿಕ್ಕಿಸಿಕೊಂಡಳು. ಅತ್ತೆ ರುದ್ರವ್ವನ ಕಣ್ಣು ಅಲ್ಲೇ ನೆಟ್ಟಿತು. ಎದುರಿಗೆ ಮುಳಶಿ ಕಡೆಯ ಆಳವಾದ ಕಣಿವೆ. ಈ ಗುಡ್ಡದಿಂದ ಆ ಗುಡ್ಡಕ್ಕೆ ಬಿಗಿದ ಉಕ್ಕಿನ ಹಗ್ಗ. ಅದಕ್ಕೆ ಜೋತುಬಿದ್ದು ಆಚೆಗೆ ಜಾರಿ ಹೋಗುವುದಕ್ಕೆ ಜಿಪ್‌ಲೈನ್ ಅನ್ನುತ್ತಾರೆಂದು ರುದ್ರವ್ವನಿಗೆ ತಿಳಿದದ್ದೇ ಅಂದು ಬೆಳಗ್ಗೆ. ಮೊನ್ನೆ ಮೊನ್ನೆ ಮದುವೆಯಾಗಿ ಮನೆ ತುಂಬಿದ ಸೊಸೆಗೆ ಅದರ ಬಕಲ್ಲುಗಳೆಲ್ಲ ಹೇಗೆ ಗೊತ್ತು?

"ಯಾರ ಕಲಿಸಿದ್ರವಾ ನಿನಗ ಇದನ್ನ?"

"ಟಿವಿ ಒಳಗ ನೋಡೀನ್ರಿ ಅತ್ತಿಯಾರ," ಎಂದಳು ನೀತಾ, ಮುಖ ಎತ್ತದೆ.

"ಟಿವಿ ನಾನೂ ನೋಡ್ತೀನಿ. ನನಗೇನೂ ತಿಳೀಲಿಲ್ಲಲ್ಲ!"

ಹಿರಿಮಗ ಮಾಂತು ನಡುವೆ ಬಾಯಿ ಹಾಕಿದ. "ಅವ್ವಾ, ನೀ ಇಲ್ಲೇ ಕೂತಬಿಡು. ನಿನಗ ಬ್ಯಾಡ ಇದು." ಬೇಡವಂತೆ! ಬಿಬವೇವಾಡಿಯ ಮನೆಯಿಂದ ಹೊರಡುವಾಗಲೂ ಇದೇ ರಾಗ. ಗಂಡಹೆಂಡತಿ ಇಬ್ಬರೇ ಹೋಗಿಬರುವ ಗುಸುಗುಸು ಕಿವಿಗೆ ಬಿದ್ದದ್ದಕ್ಕೇ ರುದ್ರವ್ವ ಇಳಕಲ್ ಸೀರೆಗೆ ಕಚ್ಚೆ ಹಾಕಿ, ಎಲ್ಲರಿಗಿಂತ ಮೊದಲು ಇಂಡಿಕಾ ಕಾರು ಹತ್ತಿ ಕೂತಿದ್ದಳು.

ನೀತಾ ಮೊದಲು ಹೋದಳು. ಚೀರಲಿಲ್ಲ, ಕಣ್ಣು ಮುಚ್ಚಲಿಲ್ಲ. ಮೊಣಕಾಲು ಮಡಚಿಕೊಂಡು, ತವರಿಗೆ ಹೊರಟವಳಂತೆ ಸಲೀಸಾಗಿ ಹೋದಳು. ಈ ಹುಡುಗಿ ಮದುವೆಗೆ ಮುಂಚೆ ಇಲ್ಲಿಗೆ ಬಂದಿದ್ದಾಳೆ, ಅನುಮಾನವೇ ಇಲ್ಲ. ಒಬ್ಬಳೇ ಬಂದಿರುತ್ತಾಳೆಯೇ? ಸೊಲ್ಲಾಪುರ, ವಿಜಾಪುರ ಎಂದು ಊರೂರು ಅಲೆದು, ಒಬ್ಬಳ ನಡಿಗೆ ಸರಿಯಿಲ್ಲ, ಇನ್ನೊಬ್ಬಳ ದನಿ ಜೋರು ಎಂದು ಬಿಟ್ಟು ಬಂದು, ಕೊನೆಗೆ ತಮ್ಮದೇ ಊರಿನ ಶಿವಾಜಿನಗರದಲ್ಲಿ ಈ ಹೆಣ್ಣನ್ನು ನಡೆಸಿ, ಕೂಡಿಸಿ, ಸೂಜಿಗೆ ದಾರ ಪೋಣಿಸಲು ಹಚ್ಚಿ ಒಪ್ಪಿಕೊಂಡವಳು ತಾನೇ. 'ನಾ ಆರಿಸಿದ ಸೊಸಿ' ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದವಳೂ ತಾನೇ. ಈಗ ಇವಳ ಹಿಂದೆ ಯಾವನೋ ಒಬ್ಬ ಇದ್ದನೆಂದರೆ ಮಗನ ಸಂಸಾರದ ಗತಿ ಏನು? ನಾಲ್ಕು ಮಂದಿಯಲ್ಲಿ ಮುಖ ಹೇಗೆ ತೋರಿಸುವುದು?

"ನಾ ಅವ್ವನ ಹಿಂದ ಬರ್ತೀನಿ," ಎಂದು ಮಾಂತು ಹಟ ಹಿಡಿದ. ಗೈಡ್ ಕೇಳಲಿಲ್ಲ. ಹೊಸಬರನ್ನು ತಾನೇ ಕಟ್ಟಿ ಕಳಿಸಬೇಕು, ಆ ಕಡೆ ಹಿಡಿದುಕೊಳ್ಳಲು ಮನೆಯವರಿರಲಿ ಎಂದು ಅವನನ್ನೇ ಮುಂದೆ ಸಾಗಹಾಕಿದ. ಮಾಂತು ಹಿಂದೆ ತಿರುಗಿ ನೋಡುತ್ತಲೇ ಹೋದ.

ಗೈಡ್ ಮತ್ತು ತಾನು ಇಬ್ಬರೇ ಉಳಿದದ್ದೇ ತಡ, ರುದ್ರವ್ವ ಎಲ್ಲ ಗೊತ್ತಿದ್ದವಳ ಧಾಟಿಯಲ್ಲಿ ಮರಾಠಿ ಶುರುಮಾಡಿದಳು. "ಹುಡುಗಿ ಚೆನ್ನಾಗಿ ಪಳಗಿದ್ದಾಳೆ. ಜೊತೆಗೆ ಬರುತ್ತಿದ್ದನಲ್ಲ ಆ ಹುಡುಗ, ಅವನೇ ಅಂಜುಬುರುಕ, ಅಲ್ಲವೇ?"

ಗೈಡ್ ಅವಳ ಪಟ್ಟಿ ಬಿಗಿಯುತ್ತ ನಕ್ಕ. "ಹೋದ ವರ್ಷ ಮೊದಲ ಸಲ ಬಂದಾಗ ಕಣ್ಣೇ ತೆರೆಯಲಿಲ್ಲ, ಆಯಿ. ಆಮೇಲೆ ಬಂದೂ ಬಂದೂ ಧೈರ್ಯ ಬಂತು. ಈಗ ನೋಡಿದಿರಲ್ಲ, ನಿಮ್ಮ ಮಗ ಹೇಗೆ ಹೋದ!"

ರುದ್ರವ್ವ ದಂಗಾದಳು. ಹೆಣ್ಣು ನೋಡಲು ಹೋದ ದಿನ ಮಾಂತು ತಲೆ ಎತ್ತದೆ ಕೂತಿದ್ದ. 'ಒಮ್ಮಿ ನೋಡೋ ಹುಡುಗೀನ' ಎಂದು ಗದರಿದರೆ, 'ನೀ ನೋಡೀಯಲ್ಲವಾ, ಸಾಕು' ಅಂದಿದ್ದ. ಭಲೆ ಮಗನೇ! ಆ ಹುಡುಗಿಯಾದರೂ ಏನು ಕಡಿಮೆ? ಅವನ ಮುಂದೆ ಚಹಾ ಇಡುವಾಗ ಕೈ ನಡುಗಿಸಿದ್ದಳು. ಸಂಬಂಧ ತಂದ ತನ್ನ ಸ್ವಂತ ತಮ್ಮನೂ ಈ ಆಟದಲ್ಲಿ ಸೇರಿರಲೇಬೇಕು.

"ಬಿಡಲೇ, ಆಯಿ?"

"ಬಿಡು."

ಕಾಲ ಕೆಳಗಿನ ನೆಲ ಹೋಯಿತು. ಮೊದಲು ಸಿಟ್ಟು, ಅದರ ಬೆನ್ನಿಗೇ ಅಳು. ಹೆತ್ತವ್ವನ ಮುಂದೆ ಬಾಯಿ ಬಿಟ್ಟು ಹೇಳಬಾರದಿತ್ತೇ ಈ ಮಂಗ್ಯಾ? ಹೇಳಿದ್ದರೆ ತಾನು ಏನನ್ನುತ್ತಿದ್ದಳು? ಕಣಿವೆಯ ನಟ್ಟನಡುವೆ ಗಾಳಿಯಲ್ಲಿ ತೂಗುತ್ತಿದ್ದ ರುದ್ರವ್ವನಿಗೆ ಉತ್ತರ ಸ್ಪಷ್ಟವಾಗಿ ಗೊತ್ತಿತ್ತು. ಇದೇ ನೀತಾಳ ನಡಿಗೆ ಸರಿಯಿಲ್ಲ ಅನ್ನುತ್ತಿದ್ದಳು. ದನಿ ಜೋರು ಅನ್ನುತ್ತಿದ್ದಳು. ಮಗ ತಾನಾಗಿ ತಂದ ಹುಡುಗಿ ಎಂಬ ಒಂದೇ ಕಾರಣಕ್ಕೆ ಎಷ್ಟು ಮಾಡಿದರೂ ಒಪ್ಪುತ್ತಿರಲಿಲ್ಲ.

ಆ ಕಡೆ ಮಾಂತು, ನೀತಾ ಓಡಿ ಬಂದು ಅವಳನ್ನು ಹಿಡಿದುಕೊಂಡರು. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು.

"ಅಂಜಿಕಿ ಆತೇನವಾ?" ಎಂದ ಮಾಂತು. "ಆ ಗೈಡ್ ಏನರ ಅಂದನೇನು?"

ರುದ್ರವ್ವ ಹೆಲ್ಮೆಟ್ ತೆಗೆದು ಸೊಸೆಯ ಕೈಗೆ ಕೊಟ್ಟಳು. ಸಾವಕಾಶ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

"ನಿನ್ನ ತಮ್ಮ ಸಂಜುಗ ಹೆಣ್ಣು ಹುಡುಕೂದು ಅದ," ಎಂದಳು. "ಸುಮ್ನ ನಾ ಯಾಕ ತಿರುಗಾಡ್ಲಿ? ಅವ ಯಾರನ್ನ ಕರಕೊಂಡು ಬರ್ತಾನ ಅಂತ ಆ ಗೈಡ್‌ನ ಕೇಳಿ ಬಾ."