ಮೇಲಿನೂರ ಸಸಿ

ಗುಲಿಜಾರ್ ಆರನೆಯ ಸಸಿಯನ್ನೂ ಗುಂಡಿಗೆ ಇಳಿಸುವ ಹೊತ್ತಿಗೆ ಅತ್ತೆ ಶಾಜಿಯೆ ಹಿತ್ತಿಲಿಗೆ ಬಂದು ಅಂಚಿನಲ್ಲೇ ನಿಂತರು. ಗಿರೆಸುನ್ ಸೀಮೆಯ ಆ ಇಳಿಜಾರಿನಲ್ಲಿ ಅವರ ಮನೆಯವರು ಮೂರು ತಲೆಮಾರಿನಿಂದ ತೊಂಬುಲ್ ಜಾತಿಯ ಹೇಝಲ್‌ನಟ್ ಬಿಟ್ಟು ಬೇರೇನನ್ನೂ ನೆಟ್ಟವರಲ್ಲ. ಈ ಸಸಿಗಳು ಚಾಕಿಲ್‌ದಕ್ ಎಂಬ ಬೇರೆ ಜಾತಿಯ ಹೇಝಲ್‌ನಟ್. ಮೇಲಿನೂರಿನ ತವರಿನಿಂದ ಗುಲಿಜಾರ್ ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮಿನಿಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

“ಇದರ ಕಾಯಿ ಒಡೆಯೋಕೆ ಸುತ್ತಿಗೆ ಬೇಕು,” ಎಂದರು ಶಾಜಿಯೆ. “ರುಚಿಯಂತೂ ಕೇಳೋದೇ ಬೇಡ.”

“ರುಚಿ ತೊಂಬುಲ್‌ಗೇ ಹೆಚ್ಚು, ಅತ್ತೆ. ಆದರೆ ಎರಡು ವರ್ಷದಿಂದ ಅದರ ಚಿಗುರನ್ನ ಹಿಮ ಸುಟ್ಟುಹಾಕ್ತಿದೆಯಲ್ಲ. ಇದು ತಡವಾಗಿ ಚಿಗುರುತ್ತೆ.”

“ನಿಮ್ಮೂರಿಂದ ಬರೋದೆಲ್ಲ ತಡವೇ. ನಿನ್ನ ದಿಬ್ಬಣ ಬರೋ ಹೊತ್ತಿಗೆ ಅನ್ನ ತಣ್ಣಗಾಗಿತ್ತು.”

ಇಪ್ಪತ್ತೊಂದು ವರ್ಷದಿಂದ ಕೇಳುತ್ತ ಬಂದ ಮಾತು ಅದು. ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದ ಗುಲಿಜಾರ್ ಈ ಸಲ ನಗಲಿಲ್ಲ. ಮಣ್ಣು ತುಂಬಲು ಸಲಿಕೆ ಎತ್ತಿದಳು.

“ನಿಲ್ಲು,” ಎಂದು ಶಾಜಿಯೆ ಮಂಡಿಯೂರಿ ಕೊನೆಯ ಸಸಿಯನ್ನು ಮೇಲೆತ್ತಿದರು. ಕೆಳಗಿನ ತೊರೆಗೆ ಎಸೆದೇಬಿಡುತ್ತಾರೆ ಎಂದುಕೊಂಡಳು ಗುಲಿಜಾರ್. ಅತ್ತೆ ಅದರ ಬುಡವನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಮಡಚಿಕೊಂಡಿದ್ದ ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಗುಂಡಿಯಲ್ಲಿಟ್ಟು ಬೆರಳಿನಿಂದ ಹರಡಿದರು.

“ಬೇರು ಮಡಚಿ ನೆಟ್ಟರೆ ಯಾವೂರ ಸಸಿಯಾದ್ರೂ ಬದುಕಲ್ಲ,” ಎಂದು ಅದನ್ನು ನೆಟ್ಟಗೆ ಹಿಡಿದು ಕೂತರು. “ನಾನು ಹಿಡ್ಕೊಂಡಿದ್ದೀನಿ. ಮಣ್ಣು ಹಾಕು.”